ಕಟ್ಟಬೇಕಾದ್ದು ಕಾಲೋ ನಾಯಿಯೋ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಕಕ್ಕೇರಾದ ಗೊಲ್ಲಾಳಮ್ಮ ಒಬ್ಬಂಟಿಯಾಗಿ ಕುರಿ ಮೇಯಿಸಿಕೊಂಡಿದ್ದಳು. ಅವಳಿಗಿದ್ದ ಧೈರ್ಯವೆಂದರೆ ಸರದಾರ ಎಂಬ ನಾಯಿ. ಒಂದು ಸಂಜೆ ತೋಳದ ಬೆನ್ನು ಹತ್ತಿ ಬಂಡೆಯಿಂದ ಜಿಗಿದ ಅದು, ಹಿಂಗಾಲು ಎತ್ತಿಕೊಂಡು ಕುಂಟುತ್ತ ಬಂತು.

ಎಲುಬು ಕಟ್ಟುವ ಲಿಂಗಣ್ಣ ಕಾಲನ್ನು ಹಿಚುಕಿ ನೋಡಿದ. "ಎಲುಬು ಮುರಿದಿಲ್ಲ, ಮಣಕಾಲಿನ ನರ ಹರದಾವ," ಎಂದು ಬಿದಿರಿನ ದಬ್ಬೆ ಇಟ್ಟು ಬಿಗಿದು ಕಟ್ಟಿದ. ಮರುದಿನ ಪಾದ ಬಾತಿತು. ಗಾಬರಿಗೊಂಡ ಗೊಲ್ಲಾಳಮ್ಮ ನಾಯಿಯನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಸುರಪುರದ ದನದ ಡಾಕ್ಟರ ಹತ್ತಿರ ಹೋದಳು.

ಅವರು ಕಟ್ಟು ಬಿಚ್ಚಿದರು. "ಲಿಂಗಣ್ಣ ಹೇಳಿದ್ದು ಖರೇನ. ಆದ್ರ ಕಾಲು ಕಟ್ಟಬ್ಯಾಡ, ನಾಯಿ ಕಟ್ಟು. ಓಡಾಕ ಬಿಟ್ರ ಮತ್ತ ಹರೀತದ."

"ಔಷಧ ಇಲ್ಲೇನ್ರಿ?"

"ಇದೇ ಔಷಧ ನೋಡವ್ವ."

ಕಟ್ಟಿಹಾಕುವುದು ಹೇಗೆ ಔಷಧವಾದೀತೆಂದು ಅವಳಿಗೆ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಹಗ್ಗ ಕಾಣದ ನಾಯಿಯನ್ನು ಗೂಟಕ್ಕೆ ಕಟ್ಟಿದರೆ ಅದು ಅವಳ ಮುಖವನ್ನೇ ನೋಡುತ್ತಿತ್ತು. ಪಾಪವೆನಿಸಿ ಒಮ್ಮೆ ಬಿಚ್ಚಿದಳು. ಓಡಿತು, ಮತ್ತೆ ಕುಂಟಿತು. ಆಮೇಲೆ ಡಾಕ್ಟರು ಹೇಳಿದಂತೆ ಕಟ್ಟಿಯೇ ಹಾಕಿದಳು. ಆದರೂ ನಂಬಿಕೆ ಸಾಲದೆ ಲಿಂಗಣ್ಣನಿಂದ ಎಣ್ಣೆ ತಂದು ಕಾಲಿಗೆ ತಿಕ್ಕಿದಳು. ಮಳೆಗಾಲ ಕಳೆಯುವಷ್ಟರಲ್ಲಿ ಸರದಾರ ನಾಲ್ಕೂ ಕಾಲೂರಿ ಕುರಿಗಳ ಹಿಂದೆ ನಡೆಯಿತು. ತುಸು ಕುಂಟು ಮಾತ್ರ ಉಳಿಯಿತು.

ಮುಂದೆ ಯಾರ ನಾಯಿ ಕುಂಟಿದರೂ ಜನ ಅವಳನ್ನೇ ಕೇಳಲು ಬರುತ್ತಿದ್ದರು. "ಹಗ್ಗದಿಂದ ಆರಾಮಾತೋ, ಎಣ್ಣಿಯಿಂದ ಆತೋ, ನನಗ ಇವತ್ತಿಗೂ ತಿಳಿದಿಲ್ರಿ," ಎನ್ನುತ್ತಿದ್ದಳು. "ಎರಡೂ ಮಾಡ್ರಿ."