ಐದು ನಕ್ಷತ್ರದ ಮರ್ಯಾದೆ

ಆನ್‌ಲೈನ್ ಪಾಠದ ಆ್ಯಪ್ ಬಳಸುವವರಿಗೆ ಹೇಗೆ ಅನಿಸುತ್ತದೆ ಎಂದು ಮನೆಮನೆಗೆ ಹೋಗಿ ಕೇಳುವುದು ಶರ್ಮಿಳಾಳ ಕೆಲಸ. ಎರಡು ವರ್ಷದಿಂದ ಪುತ್ತೂರಿನ ದರ್ಬೆಯಲ್ಲಿ ಬಸ್ಸು ಹತ್ತಿ ಸುಳ್ಯ, ಕಡಬ ಎಂದು ತಿರುಗಿ ಅವಳ ಸೊಂಟ ಬಿದ್ದುಹೋಗಿದೆ. ಹೋದಲ್ಲೆಲ್ಲ ಕೂರಿಸುತ್ತಾರೆ, ಬೆಲ್ಲ ನೀರು ಕೊಡುತ್ತಾರೆ, ಫೋನಿನಲ್ಲಿ ಆ್ಯಪಿಗೆ ಐದಕ್ಕೆ ಐದು ನಕ್ಷತ್ರ ಒತ್ತುತ್ತಾರೆ. ಮನೆಗೆ ಬಂದವರ ಮುಖಕ್ಕೆ ಹೊಡೆದ ಹಾಗೆ ಮಾತಾಡುವುದು ನಮ್ಮ ಕಡೆಯ ರೂಢಿಯಲ್ಲ. ಈ ಮರ್ಯಾದೆಗೆ ಬೆಂಕಿ ಬೀಳಲಿ ಎಂದು ಅವಳಿಗೆ ಎಷ್ಟೋ ಸಲ ಅನಿಸಿದೆ.

ಗುಂಡ್ಯದ ಪೂಜಿತಾ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು. ಅದೇ ಆ್ಯಪಿನಲ್ಲಿ ರೋಗಿಗಳ ಆರೈಕೆಯ ಕೋರ್ಸು ಮಾಡುತ್ತಿದ್ದಳು. ತಿಂಗಳೊಳಗೆ ಸರ್ಟಿಫಿಕೇಟ್ ತಂದರೆ ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಕೊಡುತ್ತೇವೆ ಎಂದಿದ್ದರು. ಪಾಠವೆಲ್ಲ ಅವಳಿಗೆ ಬಾಯಿಪಾಠ. ಆದರೆ ಕೊನೆಯ ಪರೀಕ್ಷೆಗೆ ನಲವತ್ತು ಪ್ರಶ್ನೆ, ನಡುವೆ ನೆಟ್‌ವರ್ಕ್ ಹೋದರೆ ಮತ್ತೆ ಒಂದರಿಂದ ಶುರು. ಪೇಟೆಗೆ ಹೋಗಿ ಬರೆಯೋಣವೆಂದರೆ ಹೋಟೆಲಿನವರು ರಜೆ ಕೊಡರು. ಶರ್ಮಿಳಾ ಅವಳ ಮನೆಗೆ ಹೋದ ದಿನ ಕಣ್ಣೆದುರೇ ಮೂವತ್ತೇಳನೇ ಪ್ರಶ್ನೆಯಲ್ಲಿ ನೆಟ್‌ವರ್ಕ್ ಹೋಯಿತು. ಇದು ಹದಿನಾಲ್ಕನೇ ಸಲವಂತೆ. ಪೂಜಿತಾ ನಕ್ಕು ಫೋನನ್ನು ಶಾಲಿನಲ್ಲಿ ಒರೆಸಿದಳು.

ದೂರು ಬರೆಯುವ ಜಾಗ ತೆರೆದುಕೊಳ್ಳುವುದು ಎರಡೋ ಒಂದೋ ನಕ್ಷತ್ರ ಒತ್ತಿದರೆ ಮಾತ್ರ. ಒತ್ತಬೇಕಾದವರೂ ಕಲಿಯುವವರೇ, ಅವರದೇ ಫೋನಿನಲ್ಲಿ. ಶರ್ಮಿಳಾ ಕಂಡದ್ದನ್ನು ಬರೆಯಲು ಕಾಲಂ ಇಲ್ಲ. ಒಂದೇ ಒಂದು ನಕ್ಷತ್ರ ಒತ್ತು, ಆಗ ಕಂಪೆನಿಯವರು ಸರಿ ಮಾಡಿಯಾರು ಎಂದು ಅವಳು ಬಿಡಿಸಿ ಹೇಳಿದಳು. ಪೂಜಿತಾ ತಲೆಯಾಡಿಸಿ ಚಾ ತರಲು ಒಳಗೆ ಹೋದಳು. ಬರುವಾಗ ಐದು ಒತ್ತಿ ಆಗಿತ್ತು.

“ಎಂತ ಮಾಡಿದ್ದು ಮಾರಾಯ್ತಿ?”

“ನೀವು ಬಿಸಿಲಲ್ಲಿ ಇಷ್ಟು ದೂರ ಬಂದದ್ದು. ನಿಮಗೆ ಒಂದು ಮಾರ್ಕು ಕೊಟ್ಟು ಕಳಿಸುದು ಹೇಗೆ ಅಕ್ಕ? ನಿಮ್ಮ ಕೆಲಸ ಹೋದರೆ?”

ಅದು ತನಗೆ ಕೊಡುವ ಮಾರ್ಕಲ್ಲ, ಆ್ಯಪಿಗೆ ಎಂದು ಶರ್ಮಿಳಾ ಹೇಳಿದಳು. ಒಮ್ಮೆ ಒತ್ತಿದ್ದನ್ನು ತಿದ್ದಲಾಗುವುದಿಲ್ಲ. ಸಿಟ್ಟು ಬಂತು, ಆದರೆ ಸಿಟ್ಟು ಮಾಡುವಷ್ಟು ತ್ರಾಣ ಉಳಿದಿರಲಿಲ್ಲ. ಚಾ ಕುಡಿದು ಆಫೀಸಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಫಾರ್ಮಿನಲ್ಲಿ ಇಲ್ಲದ್ದು ಲೆಕ್ಕಕ್ಕಿಲ್ಲ ಎಂದರು ಅವರು.

ತಿಂಗಳು ಮುಗಿಯಿತು. ಆಸ್ಪತ್ರೆಯ ಕೆಲಸ ಬೇರೆಯವರಿಗೆ ಹೋಯಿತು. ಆ ವಾರವೇ ಶರ್ಮಿಳಾಳಿಗೆ ಕಂಪೆನಿಯ ಮೆಸೇಜು ಬಂತು: ಗುಂಡ್ಯ ಭಾಗದಲ್ಲಿ ಕಲಿಯುವವರೆಲ್ಲ ತೃಪ್ತರು, ಬದಲಾಯಿಸುವಂಥದ್ದೇನೂ ಇಲ್ಲ, ಅಭಿನಂದನೆಗಳು. ಅದನ್ನು ಓದಿ ಮುಗಿಸುವಾಗ ಪೂಜಿತಾಳ ಫೋನು ಬಂತು. ತನ್ನ ಪರೀಕ್ಷೆಯ ಸುದ್ದಿಯನ್ನು ಅವಳು ಎತ್ತಲೇ ಇಲ್ಲ.

“ನಿಮಗೆ ಎಂತದೂ ತೊಂದರೆ ಆಗ್ಲಿಲ್ಲ ಅಲ್ವಾ ಅಕ್ಕ?”

ಇಲ್ಲ ಎಂದಳು ಶರ್ಮಿಳಾ.