ನಂಜುಂಡಪ್ಪನಿಗೆ ನಮ್ಮ ಮೌನಾಚರಣೆ

ಗೆಳೆಯರೇ, ಇವತ್ತು ದೊಡ್ಡಬಳ್ಳಾಪುರದ ಸ್ಟೇಷನ್ನಿನಲ್ಲಿ ನಾವು ಹೈಸ್ಕೂಲು ಹುಡುಗರು ಎರಡು ನಿಮಿಷ ಮೌನ ಆಚರಿಸಿದೆವು. ಆಚರಿಸಿದೆವು ಎನ್ನುವುದು ದೊಡ್ಡ ಮಾತು. ಹೋದ ತಿಂಗಳು ನಮ್ಮೂರ ನೇಕಾರ ನಂಜುಂಡಪ್ಪನನ್ನು ಬಿಳಿಯ ಸೋಲ್ಜರನೊಬ್ಬ, ಕರಿಯನ ಪಕ್ಕ ಕೂರಲಾರೆ ಎಂದು, ಓಡುವ ರೈಲಿನಿಂದ ತಳ್ಳಿ ಕೊಂದನಲ್ಲ, ಆ ನಂಜುಂಡಪ್ಪನ ನೆನಪಿಗೆ.

ಪೊಲೀಸ್ ಇನ್ಸ್‌ಪೆಕ್ಟರು ಮೊದಲೇ ಬಂದು, "ಭಾಷಣ ಗೀಷಣ ಏನೂ ಕೂಡದು. ಬಾಯ್ಮುಚ್ಕೊಂಡು ನಿಂತು ಹೋಗ್ರೋ" ಎಂದರು. ನಿಂತೆವು.

ಆದರೆ ನಂಜುಂಡಪ್ಪನ ಅಕ್ಕ ಮುನಿಯಮ್ಮನಿಗೆ ಸತ್ತವರ ಹೆಸರಿನಲ್ಲಿ ಸುಮ್ಮನೆ ನಿಲ್ಲುವುದು ಗೊತ್ತೇ ಇಲ್ಲ. ಎದೆ ಬಡಿದುಕೊಂಡು, ಹಾಡಿಕೊಂಡು ಅಳತೊಡಗಿದಳು: "ಟಿಕೀಟು ತಗೊಂಡು ಕುಂತಿದ್ಯಲ್ಲೋ ನನ್ ತಮ್ಮಾ! ಆ ಬಿಳಿ ಮೂತಿಯೋನು ತಳ್ಳಿಬಿಟ್ನಲ್ಲೋ! ಅವನ್ನ ಹಿಡೀದೆ ಪೊಲೀಸ್ನೋರು ನಮ್ಮನ್ನ ಕಾಯ್ತಾವ್ರಲ್ಲೋ!"

ನೇಕಾರರ ಬೀದಿಯ ಹೆಂಗಸರೆಲ್ಲ ದನಿಗೂಡಿಸಿದರು. ಮೌನಕ್ಕೆ ಕರೆ ಕೊಟ್ಟಿದ್ದ ನಾನೂ ಗೊಳೋ ಎಂದೆ.

"ಭಾಷಣ ಬೇಡ ಅಂದಿಲ್ವೇನಮ್ಮಾ!" ಇನ್ಸ್‌ಪೆಕ್ಟರು ಗದರಿದರು.

"ಭಾಷಣ ಎಲ್ಲೈತೆ ಸ್ವಾಮಿ? ಅಳ್ತಾ ಇವ್ನಿ. ನಿಮ್ಮನೇಲಿ ಹೆಂಗಳ್ತಾರೋ ಹೇಳ್ಕೊಡಿ, ಹಂಗೇ ಅಳ್ತೀನಿ."

ಇನ್ಸ್‌ಪೆಕ್ಟರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಬಾಯಿ ಮುಚ್ಚಿ ತಲೆ ತಗ್ಗಿಸಿ ನಿಂತರು.

ಇಡೀ ಸ್ಟೇಷನ್ನಿನಲ್ಲಿ ಮೌನವನ್ನು ಸರಿಯಾಗಿ ಆಚರಿಸಿದವರು ಅವರೊಬ್ಬರೇ.