ಗಿಟಾರಿಗೆ ತೆಂಗಿನೆಣ್ಣೆ

ಈ ಸಲದ ಆಯುಧಪೂಜೆಗೆ ನಾನು ಒಂದು ಗಿಟಾರಿಗೆ ಅಭ್ಯಂಜನ ಮಾಡಿಸಿದೆ.

ನಗಬೇಡಿ. ಒದ್ದೆ ಬಟ್ಟೆಯಿಂದ ಮೈ ಒರೆಸಿದೆ. ತಂತಿಗಳಿಗೆ ತೆಂಗಿನೆಣ್ಣೆ ತಿಕ್ಕಿದೆ. ಗಂಧ ಹಚ್ಚಿ ಕುಂಕುಮ ಇಟ್ಟೆ, ಕುತ್ತಿಗೆಗೆ ಗೊಂಡೆ ಹೂವಿನ ಮಾಲೆ ಹಾಕಿದೆ. ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಕಾಯಿ ತುರಿಯುವ ಮಣೆ, ಇವುಗಳ ನಡುವೆ ಅದನ್ನು ನಿಲ್ಲಿಸಿ ಆರತಿ ಎತ್ತಿದಾಗ ಕಣ್ಣು ಒದ್ದೆಯಾದದ್ದೂ ನಿಜ. ನನ್ನ ಮಗಳ ಅನ್ನದ ಆಯುಧ ಅದು. ಇಷ್ಟು ವರ್ಷ ಪೂಜೆಗೆ ಇಡಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಸಂಜೆ ಮಗಳು ಬಂದಳು. ಆಮೇಲೆ ಆದದ್ದನ್ನು ನಿಮ್ಮ ಮುಂದೆ ಹೇಳಿಕೊಳ್ಳದಿದ್ದರೆ ನನಗೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಪತ್ರಿಕೆಯ ಈ ಮೂಲೆಯನ್ನು ವಾರವಾರ ಓದುವ ನಿಮಗೂ ನನ್ನ ಮಗಳು ಅಂಜಲಿ ಹೊಸಬಳು. (ನಮ್ಮ ಚೆಂಬೂರಿನ ಹೌಸಿಂಗ್ ಸೊಸೈಟಿಯ ಲಿಫ್ಟಿನ ಬಗ್ಗೆ ಬರೆದಿದ್ದೇನೆ, ನನ್ನ ಮೊಣಕಾಲಿನ ಬಗ್ಗೆ ಬರೆದಿದ್ದೇನೆ, ಲೋಕಲ್ ರೈಲಿನ ನಾಲ್ಕನೇ ಸೀಟಿನ ಜಗಳದ ಬಗ್ಗೆಯೂ ಬರೆದಿದ್ದೇನೆ. ಅವಳ ಬಗ್ಗೆ ಬರೆದಿಲ್ಲ.) ಏನೆಂದು ಬರೆಯುವುದು? ಕನ್ನಡ ಸಂಘದಲ್ಲಿ ಯಾರಾದರೂ ಕೇಳಿದರೆ "ಅಂಧೇರಿಯಲ್ಲಿ ಸ್ಟುಡಿಯೋ ಕೆಲಸ" ಎಂದು ಹೇಳಿ, ಬೇಗ ಬೇಗ ಅವರ ಮಗನ ವಿಷಯ ವಿಚಾರಿಸುತ್ತಿದ್ದೆ.

ಅವಳು ಸೆಷನ್ ಮ್ಯೂಸಿಷಿಯನ್. ಹಾಗೆಂದರೆ, ಕರೆದಾಗ ಸ್ಟುಡಿಯೋಗೆ ಹೋಗಿ, ಕೇಳಿದ್ದನ್ನು ಗಿಟಾರಿನಲ್ಲಿ ನುಡಿಸಿ, ಮನೆಗೆ ಬರುವವಳು. ನಾನು ದುಡಿದ ಹೋಟೆಲಿನ ಅಡುಗೆ ಭಟ್ಟರಿದ್ದ ಹಾಗೆ. ದೋಸೆ ತಿಂದವರು ಹೋಟೆಲಿನ ಹೆಸರು ಹೇಳುತ್ತಾರೆ, ಭಟ್ಟರ ಹೆಸರು ಯಾರಿಗೆ ಬೇಕು? ಬಿಸ್ಕೆಟ್ ಜಾಹೀರಾತಿನ ಕೊನೆಯಲ್ಲಿ 'ಟಿಣ್ ಟಿಣ್' ಎಂದು ಬರುತ್ತದಲ್ಲ, ಅದು ನನ್ನ ಮಗಳು. ಧಾರಾವಾಹಿಯಲ್ಲಿ ಅತ್ತೆ ಬಾಗಿಲು ತೆರೆದ ಕೂಡಲೇ 'ಝ್ಯಾಂಯ್' ಎನ್ನುತ್ತದಲ್ಲ, ಅದೂ ಅವಳೇ.

ಇದು ಊಟಕ್ಕೆ. ಜೀವಕ್ಕೆ ಬೇರೆ ಒಂದು ಇದೆ. ಎಕ್ಸ್‌ಪೆರಿಮೆಂಟಲ್ ರಾಕ್ ಅಂತೆ. ಗಿಟಾರಿನ ತಂತಿಗಳ ಸಂದಿಯಲ್ಲಿ ಏನೇನೋ ಸಿಕ್ಕಿಸಿ, ಅದರಿಂದ ಗಿಟಾರಿನದಲ್ಲದ ಸದ್ದು ತೆಗೆಯುತ್ತಾಳೆ. ಎಷ್ಟೋ ವರ್ಷ ಬೇರೆಯವರ ಹಾಡಿಗೆ ನುಡಿಸಿದವಳಿಗೆ ಈಗ ಮೊದಲ ಸಲ ಸ್ವಂತ ಹೆಸರಿನಲ್ಲಿ ಒಂದು ಶೋ ಸಿಕ್ಕಿತ್ತು. ಬಾಂದ್ರಾದ ಸಣ್ಣ ಹಾಲ್. ವಿಜಯದಶಮಿಯ ಸಂಜೆ. ಎಂದರೆ, ನಾನು ಎಣ್ಣೆ ಹಚ್ಚಿದ ಮರುದಿನ.

ಈಗ ನನ್ನ ಬುದ್ಧಿಯ ಬಗ್ಗೆ ಎರಡು ಮಾತು. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಕಪ್ಪು ತೊಳೆಯುವುದರಿಂದ ಶುರು ಮಾಡಿ, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಮ್ಯಾನೇಜರ್ ಆಗಿ ನಿವೃತ್ತನಾದವನು ನಾನು. ಆಯುಧಪೂಜೆ ಎಂದರೆ ನಮ್ಮಲ್ಲಿ ಗ್ರೈಂಡರಿನ ಕಲ್ಲು ಎತ್ತಿ ತೊಳೆಯಬೇಕು, ಸೌಟಿನ ಹಿಡಿಯ ಸಂದಿಯನ್ನೂ ಬಿಡಬಾರದು. ಕೊಳಕು ಆಯುಧವನ್ನು ದೇವರ ಮುಂದೆ ಇಡುವುದುಂಟೇ?

ಅಂಜಲಿ ರೆಕಾರ್ಡಿಂಗ್‌ಗೆ ಬೇರೆ ಗಿಟಾರ್ ಒಯ್ದಿದ್ದಳು. ನಾನು ಅವಳ ಕೋಣೆಗೆ ಹೋಗಿ ಇದರ ಪೆಟ್ಟಿಗೆ ತೆರೆದೆ. ಅಯ್ಯೋ! ಮೋರಿಯ ಜಾಲರಿಯ ಹಾಗಿತ್ತು. ತಂತಿಗೆಲ್ಲ ತುಕ್ಕು. ಮಧ್ಯೆ ಮಧ್ಯೆ ತಲೆಗೆ ಹಾಕುವ ಕ್ಲಿಪ್ಪು, ರಬ್ಬರಿನ ಚೂರು, ಮಡಚಿದ ಅಲ್ಯೂಮಿನಿಯಂ ಹಾಳೆ, ಬಾಗಿದ ಚಮಚ. ಇಷ್ಟು ದೊಡ್ಡವಳಾದರೂ ಶಿಸ್ತಿಲ್ಲವಲ್ಲ ಎಂದುಕೊಂಡೆ. ಒಂದೊಂದಾಗಿ ಕಿತ್ತೆ. ಹಳೆಯ ಬನಿಯನ್ ತುಂಡಿನಿಂದ ತಂತಿಗಳನ್ನು ಉಜ್ಜಿ ಉಜ್ಜಿ ಹೊಳೆಯುವ ಹಾಗೆ ಮಾಡಿದೆ. ಕ್ಲಿಪ್ಪು, ರಬ್ಬರು, ಹಾಳೆ, ಚಮಚ ಎಲ್ಲವೂ ಕಸದ ಬುಟ್ಟಿಗೆ. ಕಸ ಕೆಳಗೆ. ಮುನ್ಸಿಪಾಲಿಟಿಯ ಗಾಡಿ ಅವತ್ತೇ ಸರಿಯಾದ ಹೊತ್ತಿಗೆ ಬರಬೇಕೇ?

ಸಂಜೆ ಅವಳು ಮಾಲೆ ಹಾಕಿಕೊಂಡ ಗಿಟಾರಿನ ಮುಂದೆ ನಿಂತಳು. ಮುಖ ಬಿಳಿಚಿಕೊಂಡಿತು.

"ಪಪ್ಪಾ, ಇದರಲ್ಲಿದ್ದ ಸಾಮಾನು ಎಲ್ಲಿ?"

"ಯಾವ ಸಾಮಾನು?"

"ಕ್ಲಿಪ್ಸ್, ರಬ್ಬರ್... ಪಪ್ಪಾ, ಅದು ಕಚ್ರಾ ಅಲ್ಲ. ಅದೇ ನನ್ನ ಸೌಂಡ್. ಕಿತನೇ ಮಹೀನೇ ಲಗೇ, ಎಷ್ಟು ತಿಂಗಳು ಹಿಡೀತು, ಒಂದೊಂದು ಜಾಗ ಹುಡುಕಲಿಕ್ಕೆ. ಆ ತಂತಿ ಕೂಡ ಬೇಕಂತಲೇ ಹಳೇದು ಇಟ್ಟದ್ದು. ಯಾರು ತೆಗೆದದ್ದು?"

ಆಗ ನಾನು ಹೇಳಿದೆ: "ಸುನೀತಾ ಗುಡಿಸುವಾಗ ತೆಗೆದಳೋ ಏನೋ. ನಾನು ಗಂಧ ಇಟ್ಟದ್ದು ಮಾತ್ರ."

ಸುನೀತಾ ನಮ್ಮ ಮನೆಗೆಲಸದವಳು. ಆ ದಿನ ಬೆಳಗ್ಗೆ ಮಿಠಾಯಿ ಪೊಟ್ಟಣ ಹಿಡಿದು ಖುಷಿಯಲ್ಲಿ ಹೋಗಿದ್ದಳು. ಕೂದಲು ನೆರೆತ ಮೇಲೂ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನೋಡಿ! ನನ್ನ ಹೆಂಡತಿ ಸುಮತಿ ನನ್ನ ಮುಖ ನೋಡಿದಳು. ಊಟಕ್ಕೆ ಬಡಿಸುವಾಗ ಪಾಯಸದ ಪಾತ್ರೆ ನನ್ನನ್ನು ದಾಟಿ ಹೋಯಿತು.

ಮರುದಿನ ಬೆಳಗ್ಗೆ ಸುನೀತಾ ಬಂದಳು. ಅಂಜಲಿ ಮೆಲ್ಲಗೇ ಕೇಳಿದಳು. ಸುನೀತಾಳ ಮರಾಠಿಯನ್ನು ಕನ್ನಡಕ್ಕೆ ತಂದರೆ ಹೀಗೆ: "ನಾನಾ? ಆ ಪೆಟ್ಟಿಗೆ ಮುಟ್ಟಬೇಡ ಎಂದು ನೀನು ಹೇಳಿದ್ದೀಯಲ್ಲ ತಾಯಿ? ಪೊರಕೆಯನ್ನೂ ದೂರದಿಂದ ಆಡಿಸುತ್ತೇನೆ."

"ಮತ್ತೆ ಪಪ್ಪ ಹೇಳಿದ್ದು..."

"ಹಾಗಾದರೆ ನಿನ್ನ ಪಪ್ಪ ನಾನು ಸುಳ್ಳಿ ಎನ್ನುತ್ತಾರಾ?" ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಕಾಕಾ, ನೀವೇ ಹೇಳಿ. ನನ್ನ ಕಡೆ ನೋಡಿ ಹೇಳಿ."

ನೋಡಲು ಆಗಲಿಲ್ಲ. "ನಾನೇ ತೆಗೆದದ್ದು" ಎಂದೆ. "ಒರೆಸಿದ್ದೂ ನಾನೇ. ಎಣ್ಣೆಯೂ ನಾನೇ. ತಪ್ಪಾಯ್ತು ಸುನೀತಾ."

"ಎಣ್ಣೆ ಕೂಡಾನಾ?" ಎಂದು ಅಂಜಲಿ ಕಿರುಚಿದಳು.

ಈಗ ಸುಮತಿಗೆ ಬಾಯಿ ಬಂತು. "ನಿಮ್ಮ ಹೋಟೆಲಿನ ದೋಸೆ ಕಾವಲಿಯನ್ನು ಹೊಸ ಕೆಲಸದವನು ಸೋಪು ಹಾಕಿ ಉಜ್ಜಿದ್ದ, ನೆನಪುಂಟಾ? ಪಳಗಿದ ಕಾವಲಿ ಹಾಳು ಮಾಡಿದ ಅಂತ ಅವನಿಗೆ ಎಷ್ಟು ಬೈದಿರಿ! ಈಗ ನಿಮಗೆ ಯಾರು ಬೈಯಬೇಕು ಮಾರಾಯ್ರೆ?"

ಅಷ್ಟು ಹೇಳಿದ್ದೇ ಸಾಕಾಯಿತು. ಕಾವಲಿಯ ಲೆಕ್ಕದಲ್ಲಿ ಹೇಳಿದರೆ ನನಗೆ ಎಲ್ಲವೂ ಅರ್ಥವಾಗುತ್ತದೆ. ಕುರ್ಚಿಯಲ್ಲಿ ಕುಸಿದು ಕುಳಿತೆ.

ಸುನೀತಾ ಮಾತ್ರ ಗಿಟಾರನ್ನು ಅತ್ತ ಇತ್ತ ತಿರುಗಿಸಿ ನೋಡಿದಳು. "ಏನು ಹೊಳಪು ಕಾಕಾ! ಇಷ್ಟು ಚೆನ್ನಾಗಿ ಉಜ್ಜಲಿಕ್ಕೆ ಬರುತ್ತದೆ ಅಂತ ಗೊತ್ತೇ ಇರಲಿಲ್ಲ. ನಾಳೆಯಿಂದ ಕಡಾಯಿ ನಿಮಗೆ."

ಮೊದಲು ನಕ್ಕದ್ದು ಅಂಜಲಿ. ಆಮೇಲೆ ನನ್ನ ಎದುರು ಬಂದು ಕುಳಿತು ಹೇಳಿದಳು: "ಗಿಟಾರ್ ಹಾಳಾದದ್ದಕ್ಕೆ ಸಿಟ್ಟಿಲ್ಲ ಪಪ್ಪಾ. ಸುನೀತಾಕ್ಕನ ಹೆಸರು ಹೇಳಿದ್ದಕ್ಕೆ ಸಿಟ್ಟು ಉಂಟು. ಈಗ ಏಳಿ. ಸಂಜೆಯೊಳಗೆ ಹೊಸ ಸೌಂಡ್ ಆಗಬೇಕು."

"ಶೋ ಮುಂದೆ ಹಾಕಲಿಕ್ಕೆ ಆಗುವುದಿಲ್ಲವಾ?"

"ಸ್ಟುಡಿಯೋದಲ್ಲಿ ಹಾಗೆ ಅಳುವವರನ್ನು ಎರಡನೇ ಸಲ ಕರೆಯುವುದಿಲ್ಲ. ಇದ್ದದ್ದರಲ್ಲಿ ನುಡಿಸಬೇಕು. ಅಡುಗೆಮನೆಯಲ್ಲಿ ಏನೇನು ಉಂಟು, ತನ್ನಿ."

ಎಂಥ ಬೆಳಗು ಅದು! ನಾನು ತಂದು ತಂದು ಕೊಟ್ಟೆ. ಕಾಫಿ ಫಿಲ್ಟರಿನ ತಟ್ಟೆ, ಚಕ್ಕುಲಿ ಒರಳಿನ ಬಿಲ್ಲೆ, ಸುಮತಿಯ ತಲೆಪಿನ್ನು, ದೋಸೆ ಮಗುಚುವ ಸಟ್ಟುಗ. ಎಣ್ಣೆ ಕುಡಿದ ತಂತಿಗಳು ಮೊದಲು 'ಧಪ್' ಎಂದವು, ಹಲಸಿನಕಾಯಿ ತಟ್ಟಿದ ಹಾಗೆ. ಅವಳು ಒಂದೊಂದನ್ನೂ ಸಿಕ್ಕಿಸಿ ಮೀಟುವುದು, ನನ್ನ ಮುಖ ನೋಡುವುದು.

"ಇದು?"

"ಬೇಡ, ಮಿಕ್ಸರಿಗೆ ಚಮಚ ಬಿದ್ದ ಹಾಗಿದೆ."

"ಇದು?"

"ಹಾಂ... ಇದು ಪರವಾಗಿಲ್ಲ. ಇನ್ನೊಮ್ಮೆ ಬಾರಿಸು."

ಸುನೀತಾ ನೆಲ ಒರೆಸುತ್ತಾ ತನ್ನ ಓಟು ಹಾಕಿದಳು. ಸಟ್ಟುಗ ಬಹುಮತದಿಂದ ಗೆದ್ದಿತು.

ಸಂಜೆ ನಾನೂ ಸುಮತಿಯೂ ಹಾಲ್‌ನಲ್ಲಿ ಎದುರು ಸಾಲಿನಲ್ಲಿ ಕುಳಿತೆವು. ಸುತ್ತ ಎಲ್ಲ ಕಿವಿ, ಮೂಗು, ಹುಬ್ಬು ಚುಚ್ಚಿಸಿಕೊಂಡ ಮಕ್ಕಳು, ನನ್ನನ್ನು "ಅಂಕಲ್, ಕಂಫರ್ಟೆಬಲ್?" ಎಂದು ಎಷ್ಟು ಸಲ ಕೇಳಿದರೋ. ಅಂಜಲಿ ನುಡಿಸಿದಳು. ಗೂಡ್ಸ್ ಗಾಡಿ ಬಂದ ಹಾಗೆ, ಗಿರಣಿ ತಿರುಗಿದ ಹಾಗೆ, ನಡುವೆ ಒಮ್ಮೆ ಯಾರೋ ದೂರದಲ್ಲಿ ಕರೆದ ಹಾಗೆ. ಎಲ್ಲವೂ ಅರ್ಥವಾಯಿತು ಎಂದರೆ ಮತ್ತೊಂದು ಸುಳ್ಳಾಗುತ್ತದೆ. ಆದರೆ ಎದ್ದು ಹೋಗಬೇಕು ಅನಿಸಲಿಲ್ಲ. ಕೊನೆಯ ಭಾಗದಲ್ಲಿ ಸಟ್ಟುಗ ತಂತಿಯಿಂದ ಜಾರಿ ಸ್ಟೇಜಿನ ಮೇಲೆ ಠಣಾರನೆ ಬಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೇಕೆಂದೇ ಬೀಳಿಸಿದ್ದು ಎಂದುಕೊಂಡಿರಬೇಕು. ಸುಮತಿ ನನ್ನ ಕಿವಿಯಲ್ಲಿ, "ಇನ್ನು ಮನೆಗೆ ಒಂದು ಹೊಸ ಸಟ್ಟುಗ ತರಬೇಕು" ಎಂದಳು.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಅಂಜಲಿ ಗಿಟಾರನ್ನು ತೊಡೆಗೆ ಒರಗಿಸಿಕೊಂಡು ಕುಳಿತಿದ್ದಳು. ದಣಿದಿದ್ದಳು, ಖುಷಿಯಲ್ಲೂ ಇದ್ದಳು.

"ಇವತ್ತಿನದು ಚೆನ್ನಾಗಿ ಆಯ್ತು" ಎಂದಳು. "ಆದರೆ ಮೊದಲಿನದು ಇದಕ್ಕಿಂತ ಚೆನ್ನಾಗಿತ್ತು, ಅಲ್ವಾ ಪಪ್ಪಾ? ನೀವು ದಿನಾ ಕೇಳ್ತಾ ಇದ್ರಿ, ನೀವೇ ಹೇಳಿ."

ಅವಳು ಪಕ್ಕದ ಕೋಣೆಯಲ್ಲಿ ನುಡಿಸಲು ಕುಳಿತಾಗಲೆಲ್ಲ ಟಿವಿಯ ವಾಲ್ಯೂಮ್ ಏರಿಸುತ್ತಿದ್ದ ನಾನು, ಏನೆಂದು ಹೇಳಲಿ?